ಅತ್ತಿ ಬಿದ್ದ ಜಾಗ

ಕಂಡಕ್ಟರ್ ಜಗದೇವಿ ಹದಿನೆಂಟು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಕೊಟ್ಟ ಹೆಂಗಸು. ಬೀಳುವ ಮನಸ್ಸಿದ್ದರೆ ದಾರಿಯ ಗುಂಡಿಗಳಲ್ಲಿ ದಿನಕ್ಕೆ ನಾಲ್ಕು ಸಲ ಬೀಳಬಹುದಿತ್ತು. ಅಂಥವಳು ನಿಂತ ಬಸ್ಸಿನಿಂದ ಬಿದ್ದಳು. ಕೊಹೀರ್ ಸ್ಟ್ಯಾಂಡಿನಲ್ಲಿ ಮುದುಕಿಯೊಬ್ಬಳ ಪೇರಲಹಣ್ಣಿನ ಬುಟ್ಟಿ ಇಳಿಸಿಕೊಡಲು ಹೋಗಿ, ಮೆಟ್ಟಿಲು ತಪ್ಪಿ, ಬುಟ್ಟಿಯ ಸಮೇತ ನೆಲಕ್ಕೆ ಬಂದಳು. ಹಣ್ಣಿಗೆ ಏನೂ ಆಗಲಿಲ್ಲ. ಬಲಗಾಲು ಮುರಿಯಿತು. ಆರು ವಾರ ಪ್ಲಾಸ್ಟರು, ಆರು ವಾರ ಜಹೀರಾಬಾದಿನ ಮನೆಯಲ್ಲಿ ಮಂಚದ ಮೇಲೆ.

ಸುದ್ದಿ ಮನೂರಿನ ತವರುಮನೆಗೆ ಮುಟ್ಟಿದಾಗ ಅಲ್ಲಿ ಯಾರೂ ಗಾಬರಿಯಾಗಲಿಲ್ಲ. "ಮತ್ತ ಬಿದ್ಲಾ?" ಎಂದರು. ಆ 'ಮತ್ತ' ಅನ್ನುವ ಮಾತು ಜಗದೇವಿಗೆ ಮುರಿದ ಕಾಲಿಗಿಂತ ಹೆಚ್ಚು ನೋಯಿಸಿತು.

ಅದಕ್ಕೆ ಕಾರಣವಿತ್ತು. ಅವಳು ಹನ್ನೆರಡರ ಹುಡುಗಿಯಾಗಿದ್ದಾಗ ಸಿಂಗೂರು ಅಣೆಕಟ್ಟಿನ ಹಿನ್ನೀರು ಮೊದಲ ಸಲ ಮನೂರಿನ ಹೊಲಗಳ ತನಕ ಬಂದಿತ್ತು. ಆ ನೀರಿನಲ್ಲಿ ಜಗದೇವಿ ಬಿದ್ದಳು, ಅಣ್ಣ ಶಾಂತಪ್ಪ ಎತ್ತಿ ಉಳಿಸಿದ. ಇದು ಮನೆತನದ ಕಥೆ. ಮದುವೆಯಿರಲಿ, ತೊಟ್ಟಿಲಿರಲಿ, ನಾಲ್ಕು ಜನ ಕೂಡಿದಲ್ಲಿ ಊಟ ಮುಗಿದು ಎಲೆ ಅಡಿಕೆ ಬಂದ ಹಿಂದೆಯೇ ಈ ಕಥೆಯೂ ಬರುತ್ತಿತ್ತು. ಕೇಳಿದವರು ಶಾಂತಪ್ಪನ ಕಡೆ ಮೆಚ್ಚುಗೆಯಿಂದ, ಜಗದೇವಿಯ ಕಡೆ ಕನಿಕರದಿಂದ ನೋಡುತ್ತಿದ್ದರು. ಗಂಡ ಮಾಣಿಕಪ್ಪನಂತೂ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಬಾವಿಯ ಕಟ್ಟೆಯ ಹತ್ತಿರವೂ ಬಿಟ್ಟಿರಲಿಲ್ಲ. ಒಳ್ಳೆಯ ಮನುಷ್ಯ, ಲಾರಿ ಡ್ರೈವರು, ಕೇಳಿದ್ದನ್ನು ನಂಬುವ ಸ್ವಭಾವ.

"ನನಗ ಈಸು ಬರತಿತ್ತು," ಎಂದು ಜಗದೇವಿ ಒಂದೆರಡು ಸಲ ಬಾಯಿಬಿಟ್ಟದ್ದೂ ಉಂಟು. "ಈಸು ಬರತಿದ್ರ ಯಾಕ ಬಿದ್ದಿ?" ಎಂದು ಎಲ್ಲರೂ ನಕ್ಕರು. ಇಪ್ಪತ್ತೆಂಟು ವರ್ಷ ಆ ನಗೆಯನ್ನು ನುಂಗಿಕೊಂಡೇ ಬಂದಿದ್ದಳು.

ಮಂಚದ ಮೇಲೆ ಮೂರನೆಯ ವಾರಕ್ಕೆ ಟಿವಿ ಬೇಸರವಾಯಿತು. ಮಗಳು ಸೌಮ್ಯಶ್ರೀ ಬಿ.ಕಾಂ. ಓದುವವಳು, ಮಧ್ಯಾಹ್ನ ಕಾಲೇಜಿನಿಂದ ಬಂದವಳೇ ಫೋನು ಹಿಡಿದು ಕೂಡುತ್ತಿದ್ದಳು. ಅದರಲ್ಲಿ ಒಂದು ಆಟ. ಸಮುದ್ರದ ನಡುವೆ ಚದುರಿಬಿದ್ದ ನಡುಗಡ್ಡೆಗಳು, ಕಾಡು, ಚಳಿ. ಕೈಯಲ್ಲಿ ಏನೂ ಇಲ್ಲದೆ ಅಲ್ಲಿ ಬಂದು ಬೀಳಬೇಕು, ಕಟ್ಟಿಗೆ ಕಡಿದು ಗುಡಿಸಲು ಹಾಕಿ, ಸಿಕ್ಕದ್ದು ತಿಂದು ಬದುಕಬೇಕು. ಸೌಮ್ಯಶ್ರೀಯ ಗುಂಪಿನಲ್ಲಿ ಇನ್ನಿಬ್ಬರು. ಒಬ್ಬ ಬಸವಕಿರಣ, ಶಾಂತಪ್ಪನ ಮಗ, ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇನ್ನೊಬ್ಬ ಅವನ ಗೆಳೆಯ ಅನಿಕೇತ, ನಾರಾಯಣಖೇಡದ ಕರೆಂಟ್ ಆಫೀಸಿನ ನೌಕರ. ಮೂವರು ಮೂರು ಊರಿನಲ್ಲಿ ಕೂತು, ಫೋನಿನಲ್ಲೇ ಮಾತಾಡುತ್ತ, ಒಂದೇ ನಡುಗಡ್ಡೆಯಲ್ಲಿ ಎರಡು ತಿಂಗಳಿಂದ ಸಂಸಾರ ಹೂಡಿದ್ದರು.

"ನನ್ನೂ ಸೇರಿಸ್ಕೋರಿ," ಎಂದಳು ಜಗದೇವಿ ಒಂದು ದಿನ. ತಮಾಷೆಗೆ ಸೇರಿಸಿಕೊಂಡರು.

ಮೊದಲ ದಿನವೇ ಜಗಳ. ಅನಿಕೇತ ಜಿಂಕೆ ಹೊಡೆದು ಸುಟ್ಟು ತಂದು ಅವಳ ಮುಂದೆ ಇಟ್ಟ. ಜಗದೇವಿ ಮುಟ್ಟಲಿಲ್ಲ.

"ಮೌಶಿ, ತಿನ್ರಿ. ಮಾಂಸ ತಿಂದ್ರ ಮೈಯಾಗ ಕಾವು ನಿಲ್ಲತದ. ಇದು ಆಟರೀ, ಖರೆ ಏನಲ್ಲ," ಎಂದ ಅನಿಕೇತ.

"ಆಟ ಇದ್ರೇನಾತು? ಬಾಯಿ ನಂದೇ ಅಲ್ಲೇನಪಾ?" ಎಂದಳು ಜಗದೇವಿ. ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡು ಕಾಡುಗೆಣಸು ಅಗೆಯಲು ಹೋದಳು. ಬಸವಕಿರಣ ತಾಂಡೂರಿನಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕ.

ನಗುವ ಕಾಲ ಹೆಚ್ಚು ದಿನ ಉಳಿದಿರಲಿಲ್ಲ. ಆ ಆಟದಲ್ಲಿ ಚಳಿಗಾಲ ಹತ್ತಿರ ಬಂದಿತ್ತು. ಹಿಮ ಬಿದ್ದರೆ ಅವರ ನಡುಗಡ್ಡೆಯಲ್ಲಿ ಗೆಣಸೂ ಇಲ್ಲ, ಜಿಂಕೆಯೂ ಇಲ್ಲ, ಎಲ್ಲರೂ ಸಾಯುವುದೇ. ದೋಣಿ ಕಟ್ಟಿಕೊಂಡು ಬೆಚ್ಚಗಿನ ಕಡೆಗೆ ಹೋಗಬೇಕು. ದೋಣಿಯ ಸಂದಿಗೆ ಬಳಿಯಲು ಡಾಂಬರು ಬೇಕು. ಡಾಂಬರು ಇರುವುದು ದೂರದ ಒಂದು ಕಪ್ಪು ನಡುಗಡ್ಡೆಯಲ್ಲಿ, ಅದಕ್ಕೆ ಇವರೇ ಕರಿಗಡ್ಡಿ ಎಂದು ಹೆಸರಿಟ್ಟಿದ್ದರು. ಅಲ್ಲಿಗೆ ಹೋಗಲು ಈಜುವುದೊಂದೇ ದಾರಿ. ಒಬ್ಬೊಬ್ಬರಿಗೆ ಎರಡೇ ಜೀವ. ಮೂವರೂ ಒಂದೊಂದು ಜೀವವನ್ನು ಆ ಸಮುದ್ರಕ್ಕೆ ಕೊಟ್ಟು ಬಂದಿದ್ದರು. ಎರಡನೆಯದೂ ಹೋದರೆ ಆಟದಿಂದಲೇ ಹೊರಗೆ.

"ನಾ ಹೋಗ್ತೀನಿ. ನನಗ ಈಸು ಬರತದ," ಎಂದಳು ಜಗದೇವಿ.

"ಅತ್ತೀ, ನೀ ಖರೇ ನೀರಾಗೇ ಬಿದ್ದಾಕಿ!" ಎಂದ ಬಸವಕಿರಣ, ಸೋದರತ್ತೆಯನ್ನು ಕಿಚಾಯಿಸುತ್ತ.

ಅವನ ಮಾತು ಚುಚ್ಚಿತು. ಹಟಕ್ಕೆ ಬಿದ್ದು ನೀರಿಗೆ ಇಳಿದಳು. ಪರದೆಯ ಬಲಗಡೆ ಜೋರಾಗಿ ಈಜುವ ಬಟನ್ನು. ಅದನ್ನು ಒತ್ತಿದ ಬೆರಳನ್ನು ಎತ್ತಲೇ ಇಲ್ಲ. ಮೇಲೆ ನೀಲಿ ಗೆರೆಯೊಂದು ದಮ್ಮು ಎಷ್ಟು ಉಳಿದಿದೆ ಎಂದು ತೋರಿಸುತ್ತಿತ್ತು. ಅರ್ಧ ದಾರಿಗೆ ಅದು ಖಾಲಿಯಾಯಿತು. ಪರದೆಯ ಮೇಲಿನ ಹೆಂಗಸು ಎರಡು ಸಲ ಕೈ ಎತ್ತಿ ಮುಳುಗಿದಳು.

ಬಸವಕಿರಣ ಸುಮ್ಮನಿರುವ ಹುಡುಗನಲ್ಲ. ನಕಾಶೆಯಲ್ಲಿ ಅವಳು ಮುಳುಗಿದ ಕಡೆ ಒಂದು ಕೆಂಪು ಬಾವುಟ ನೆಟ್ಟು, ಅದರ ಕೆಳಗೆ 'ಅತ್ತಿ ಬಿದ್ದ ಜಾಗ' ಎಂದು ಬರೆದ. ಅವನು ಓದಿದ್ದು ತೆಲುಗಿನಲ್ಲಿ, ಕನ್ನಡ ಬರೆಯಲು ಬಾರದು, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದ. ಯಾವ ಅಕ್ಷರದಲ್ಲಿ ಬರೆದರೂ ಅದನ್ನು ಓದಲು ಜಗದೇವಿಗೆ ಕಷ್ಟವಾಗಲಿಲ್ಲ. ಅವತ್ತು ಅವಳು ಸರಿಯಾಗಿ ಊಟ ಮಾಡಲಿಲ್ಲ.

ನಮ್ಮ ಕಡೆ ಈಜುವುದಕ್ಕೆ 'ಈಸುಬೀಳುವುದು' ಎನ್ನುತ್ತಾರೆ. ಹುಡುಗರು ಬಾವಿಗೆ ಈಸುಬೀಳಲು ಹೋಗುತ್ತಾರೆ, ಸುಮ್ಮನೆ ಬೀಳಲು ಯಾರೂ ಹೋಗುವುದಿಲ್ಲ. ಎರಡಕ್ಷರದ 'ಈಸು' ಮುಂದೆ ಇದ್ದರೆ ಅದು ಗಟ್ಟಿತನ, ಇಲ್ಲದಿದ್ದರೆ ಅವಘಡ. ಜಗದೇವಿಯ ಆ ಎರಡಕ್ಷರವನ್ನು ಅವಳ ಮನೆಯವರೇ ಕಿತ್ತುಕೊಂಡಿದ್ದರು.

ನಡೆದದ್ದು ಹೀಗೆ. ಆ ವರ್ಷ ಮಳೆ ಜೋರು. ಅವರ ಹೊಲದ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಒಂದು ಜಾಲಿಗಿಡ, ಜಾಲಿಗೆ ಕಟ್ಟಿದ ಎಮ್ಮೆ. ಹದಿನಾರರ ಶಾಂತಪ್ಪ ಬೆಳಿಗ್ಗೆ ಮೊಣಕಾಲು ನೀರಿನಲ್ಲಿ ನಡೆದು ಎಮ್ಮೆ ಬಿಚ್ಚಿಕೊಂಡು ಬರಲು ಹೋದ. ಮಧ್ಯಾಹ್ನದ ಹೊತ್ತಿಗೆ ದಿಬ್ಬ ನಡುಗಡ್ಡೆಯಾಗಿತ್ತು. ಬಿಚ್ಚಿದ ಎಮ್ಮೆ ತಾನೇ ಈಜಿ ದಡ ಸೇರಿತು. ಶಾಂತಪ್ಪ ಜಾಲಿಗಿಡ ಹತ್ತಿ ಕೂತ, ಅವನಿಗೆ ಈಸು ಬರುತ್ತಿರಲಿಲ್ಲ. ಗಂಡಸರು ತೆಪ್ಪ ಹುಡುಕಿಕೊಂಡು ಪಕ್ಕದ ಊರಿಗೆ ಓಡಿದ್ದರು. ನೀರು ಗಿಡದ ಕಾಂಡ ಹತ್ತುತ್ತಿತ್ತು. ಜಗದೇವಿ ಅಟ್ಟದ ಮೇಲಿನ ಎರಡು ಒಣ ಸೋರೆಬುರುಡೆ ತೆಗೆದುಕೊಂಡು, ಲಂಗ ಎತ್ತಿ ಕಟ್ಟಿ, ಈಸುಬಿದ್ದಳು.

ಒಂದು ಬುರುಡೆ ಅಣ್ಣನ ಬೆನ್ನಿಗೆ ಕಟ್ಟಿದಳು. ಅವನು ನೀರು ನೋಡಿ ನಡುಗುತ್ತಿದ್ದ. "ಅಣ್ಣಾ, ದಮ್ ಹಿಡಿ. ಅಂಗಾತ ಬೀಳು. ಮ್ಯಾಲ ಮೋಡ ನೋಡು, ನೀರ ನೋಡಬ್ಯಾಡ," ಎಂದಳು. ಅವನು ಅಂಗಾತ ತೇಲಿದ, ಅವಳು ಎಳೆದಳು. ಸೋತಾಗಲೆಲ್ಲ ಅವಳೂ ಅಂಗಾತ ಬಿದ್ದು ಮೋಡ ನೋಡಿದಳು. ದಡಕ್ಕೆ ಬಂದಾಗ ಅಲ್ಲಿ ಇದ್ದದ್ದು ಅವ್ವ ಒಬ್ಬಳೇ. ಅವ್ವ ಈಗ ಇಲ್ಲ.

ಆರು ವರ್ಷದ ನಂತರ ಹೆಣ್ಣು ನೋಡಲು ಬಂದ ಬೀಗರು ಕೇಳಿದರು: ನಿಮ್ಮ ಹುಡುಗಿ ತುಂಬಿದ ನೀರಿನಲ್ಲಿ ಗಂಡಸಿನ ಹಾಗೆ ಈಸುಬಿದ್ದಿದ್ದಳಂತೆ, ಹೌದೇ? ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ: "ಈಸು ಗೀಸು ಏನಿಲ್ರಿ, ಕಾಲು ಜಾರಿ ಬಿದ್ದಿದ್ಲು. ನಮ್ಮ ಶಾಂತಪ್ಪನೇ ಎತ್ತಿದ." ಬೀಗರು ಶಾಂತಪ್ಪನ ಬೆನ್ನು ಚಪ್ಪರಿಸಿದರು. ಶಾಂತಪ್ಪ ಚಹಾದ ಬಟ್ಟಲನ್ನೇ ನೋಡುತ್ತ ಕೂತ. ಒಳಕೋಣೆಯ ಬಾಗಿಲಲ್ಲಿ ನಿಂತ ಜಗದೇವಿ, ಅಣ್ಣ ಇವತ್ತಲ್ಲ ನಾಳೆ ಹೇಳುತ್ತಾನೆ ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ಅಣ್ಣನ ಮುಖ ನಾಲ್ಕು ಜನರೆದುರು ಸಣ್ಣದಾಗಬಾರದು ಎಂದು ಅವಳೂ ಹೇಳಲಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಹೇಳಲಿಲ್ಲ.

ಈಗ ಉಳಿದದ್ದು ಒಂದು ಜೀವ. ಮರುದಿನದಿಂದ ಅವಳು ತಮ್ಮ ದಡದ ಹತ್ತಿರವೇ, ಕಾಲು ನಿಲುಕುವ ನೀರಿನಲ್ಲಿ ಅಭ್ಯಾಸಕ್ಕೆ ಇಳಿದಳು. ಒಂದು ಮಧ್ಯಾಹ್ನ ನೀರಿನ ನಡುವೆ ಇದ್ದಾಗ ಪ್ಲಾಸ್ಟರಿನ ಒಳಗೆ ತುರಿಕೆ ಎದ್ದಿತು. ಎಂಥ ತುರಿಕೆ! ಫೋನು ಹಾಸಿಗೆಯ ಮೇಲೆ ಎಸೆದು, ಮಗಳ ಫುಟ್‌ಪಟ್ಟಿ ತೂರಿಸಿ ಕೆರೆದುಕೊಂಡಳು. ಹೆಂಗಸು ಮುಳುಗಿರುತ್ತಾಳೆ ಎಂದುಕೊಂಡೇ ತಿರುಗಿ ನೋಡಿದರೆ ಅವಳು ಅಂಗಾತ ಮಲಗಿ ತೇಲುತ್ತಿದ್ದಳು! ನೀಲಿ ಗೆರೆ ಮೆಲ್ಲಗೆ ತುಂಬುತ್ತಿತ್ತು.

ಜಗದೇವಿ ಫೋನು ಎತ್ತಿಕೊಂಡು ಬಹಳ ಹೊತ್ತು ಆ ಹೆಂಗಸನ್ನು ನೋಡಿದಳು. ಎರಡು ತಿಂಗಳಿಂದ ಈ ಹುಡುಗರು ಒಂದು ಸಲವೂ ಬೆರಳು ಎತ್ತಿರಲಿಲ್ಲ. ಎತ್ತಿದರೆ ಮುಳುಗುತ್ತೇವೆ ಎಂಬ ಹೆದರಿಕೆ. ಅವರ ಅತ್ತಿಗೂ ಮೊನ್ನೆ ಅದೇ ಹೆದರಿಕೆ ಹಿಡಿದಿತ್ತಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಆದರೆ ಮಲಗಿಯೇ ಇದ್ದರೂ ನಡೆಯದು. ನೀಲಿಯ ಕೆಳಗೆ ಮೈಯ ಕಾವು ತೋರಿಸುವ ಕೆಂಪು ಗೆರೆ ಇತ್ತು, ಮಲಗಿದಷ್ಟೂ ಅದು ಇಳಿಯುತ್ತಿತ್ತು, ಮುಗಿದರೆ ಚಳಿಗೆ ಸಾವು. ಗೆಣಸು ತಿಂದ ಮೈಗೆ ಅದು ಮೊದಲೇ ಗಿಡ್ಡ. ಇಂಥ ಲೆಕ್ಕ ಕಂಡಕ್ಟರಿಗೆ ಹೊಸದಲ್ಲ. ದಾರಿ ದೊಡ್ಡದಾದರೆ ಅದನ್ನು ತುಂಡು ತುಂಡಾಗಿ ಸ್ಟೇಜು ಮಾಡಬೇಕು. ನೂರು ಕೈ ಈಜಿದರೆ ಒಂದು ಸ್ಟೇಜು, ಸ್ಟೇಜು ಬಂದಾಗ ಇಪ್ಪತ್ತು ಎಣಿಸುವ ತನಕ ನಿಲುಗಡೆ. ಬಸ್ಸು ಎಲ್ಲಿಯೂ ಹೆಚ್ಚು ನಿಲ್ಲಬಾರದು, ನಿಲ್ಲದೆಯೂ ಹೋಗಬಾರದು. ನಾಲ್ಕು ದಿನ ಇದನ್ನೇ ಮಾಡಿದಳು. ಚಳಿಗಾಲಕ್ಕೆ ಇನ್ನೊಂದೇ ದಿನ ಇದೆ ಎಂದಾಗ ಭಾನುವಾರ ಬಂತು.

ಆ ಭಾನುವಾರವೇ ಶಾಂತಪ್ಪ ತಂಗಿಯ ಕಾಲು ನೋಡಲು ಬಂದ. ಮನೂರಿನಿಂದ ಶೇರ್ ಆಟೋ ಹಿಡಿದು, ನಾರಾಯಣಖೇಡದಲ್ಲಿ ಬಸ್ಸು ಹತ್ತಿ, ಒಂದು ಚೀಲ ಜೋಳ, ಒಂದು ಗಂಟು ತೊಗರಿಬೇಳೆ ಹೊತ್ತು ತಂದಿದ್ದ. ಹೊಲದ ಕೆಲಸದಲ್ಲೇ ಐವತ್ತು ಸವೆಸಿದ, ಮಾತು ಕಡಿಮೆಯ ಮನುಷ್ಯ. ಚಹಾ ಕುಡಿದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ.

"ಏನ್ ಮಾಡಾಕತ್ತೀ ಜಗೂ, ಫೋನ್ ಹಿಡ್ಕೊಂಡು?" ಎಂದ.

"ಮಾಮಾ, ಅವ್ವ ಸಮುದ್ರ ದಾಟಾಕ ಹೊಂಟಾಳ. ಆಟದಾಗರೀ," ಎಂದಳು ಸೌಮ್ಯಶ್ರೀ. ತನ್ನ ಫೋನನ್ನೇ ಅವ್ವನಿಗೆ ಕೊಟ್ಟಿದ್ದಳು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದಳು. ತಾಂಡೂರಿನಿಂದ ಬಸವಕಿರಣನ ದನಿ, ನಾರಾಯಣಖೇಡದಿಂದ ಅನಿಕೇತನ ದನಿ ಕೋಣೆಯಲ್ಲಿ ಕೇಳುತ್ತಿತ್ತು.

"ರೈಟ್, ರೈಟ್," ಎಂದು ಜಗದೇವಿ ತಾನೇ ಹೇಳಿಕೊಂಡು ನೀರಿಗೆ ಇಳಿದಳು.

ಈ ಸಲ ಜೋರಿನ ಬಟನ್ನಿನ ಕಡೆ ಬೆರಳು ಹೋಗಲಿಲ್ಲ. ನಿಧಾನಕ್ಕೆ ನೂರು ಕೈ ಎಣಿಸಿದಳು. "ಕೊಹೀರ್! ಕೊಹೀರ್ ಇಳಿಯೋರು ಇಳೀರಿ," ಎಂದು ಕೂಗಿ ಎರಡೂ ಹೆಬ್ಬೆರಳು ಎತ್ತಿದಳು.

"ಮೌಶಿ! ಬೆರಳು ಯಾಕ ತೆಗದ್ರಿ? ಮುಳಗ್ತೀರಿ!" ಎಂದು ಅನಿಕೇತ ಒದರಿದ. ಹೆಂಗಸು ಅಂಗಾತ ತಿರುಗಿ ತೇಲಿದಳು, ನೀಲಿ ತುಂಬಿತು. "ಅರೇ... ಇದು ಹ್ಯಾಂಗ?" ಎಂದ.

ಎರಡನೆಯ ಸ್ಟೇಜು, ಮೂರನೆಯದು, ನಾಲ್ಕನೆಯದು. ಗೊತ್ತಿದ್ದ ಊರುಗಳ ಹೆಸರೆಲ್ಲ ಒಂದೊಂದಾಗಿ ಕೂಗಿದಳು. ಹೆಸರು ಮುಗಿದ ಮೇಲೆ ದಾರಿಯ ಹೋಟೆಲು, ಆಲದಮರ, ರೈಲ್ವೆ ಗೇಟು ಎಲ್ಲವೂ ಸ್ಟೇಜಾದವು. ಕೆಂಪು ಬಾವುಟದ ಹತ್ತಿರ, 'ಅತ್ತಿ ಬಿದ್ದ ಜಾಗ'ದಲ್ಲಿ, ಬೇಕೆಂದೇ ನಿಲ್ಲದೆ ಮುಂದೆ ಹೋದಳು. "ಇಲ್ಲಿ ರಿಕ್ವೆಸ್ಟ್ ಸ್ಟಾಪ್ ಇಲ್ಲ," ಎಂದಳು. ಮಗಳು ನಕ್ಕಳು. ಶಾಂತಪ್ಪ ನಗಲಿಲ್ಲ. ಅಂಗಾತ ತೇಲುವ ಆ ಹೆಂಗಸಿನ ಮೇಲೆ ನೆಟ್ಟ ಕಣ್ಣು ಕೀಳದೆ ಕುರ್ಚಿಯನ್ನು ಮಂಚಕ್ಕೆ ಹತ್ತಿರ ಎಳೆದುಕೊಂಡ.

"ತಾಂಡೂರ ಇನ್ನ ಎಷ್ಟ ದೂರ ಅತ್ತಿ?" ಎಂದ ಬಸವಕಿರಣ, ಕರಿಗಡ್ಡಿಗೆ ತಾನಿರುವ ಊರಿನ ಹೆಸರು ಕೊಟ್ಟು. ಈಗ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಬಂತಪಾ, ಬಂತು," ಎಂದಳು. ಮುಂದೆ ಕರಿಗಡ್ಡಿ ಕಾಣಿಸಿತ್ತು, ಕಪ್ಪು ಬಂಡೆ, ಅದರ ಬುಡದಲ್ಲಿ ಬಿಳಿ ನೊರೆ. ಆಗಲೇ ಗಾಳಿ ಎದ್ದಿತು. ಅಲೆ ಅವಳನ್ನು ಹಿಂದಕ್ಕೆ ತಳ್ಳತೊಡಗಿತು. ಎಷ್ಟು ಕೈ ಹಾಕಿದರೂ ಬಂಡೆ ಹತ್ತಿರ ಬರಲಿಲ್ಲ. ನೀಲಿ ಗೆರೆ ಬೆರಳಗಲಕ್ಕೆ ಇಳಿಯಿತು, ಕೆಂಪು ಗೆರೆ ಅದಕ್ಕಿಂತ ಕಡಿಮೆ.

"ಜೋರ್ ಒತ್ತು ಅತ್ತಿ! ಜೋರ್!" ಎಂದ ಬಸವಕಿರಣ. "ಒತ್ತರಿ ಮೌಶಿ, ಇಷ್ಟೇ ಅದ!" ಎಂದ ಅನಿಕೇತ. "ಅವ್ವಾ, ಒತ್ತವ್ವಾ!" ಎಂದು ಸೌಮ್ಯಶ್ರೀ ಅವಳ ಭುಜ ಅಲುಗಿಸಿದಳು. ಇನ್ನೊಮ್ಮೆ ಬಿದ್ದರೆ ಮುಗಿಯಿತು, ಸಾಯುವ ತನಕ ತಾನು ಬಿದ್ದವಳೇ. ಅವಳ ಹೆಬ್ಬೆರಳು ಬಲಗಡೆಯ ಬಟನ್ನಿನ ಕಡೆಗೆ ಜಾರಿತು.

"ಜಗೂ, ದಮ್ ಹಿಡಿ."

ಶಾಂತಪ್ಪನ ದನಿ ಗಟ್ಟಿಯಾಗೇನೂ ಇರಲಿಲ್ಲ. "ಅಂಗಾತ ಬೀಳು. ಮ್ಯಾಲ ಮೋಡ ನೋಡು, ನೀರ ನೋಡಬ್ಯಾಡ."

ಜಗದೇವಿ ಎರಡೂ ಬೆರಳು ಎತ್ತಿದಳು. ಹೆಂಗಸು ಅಲೆಯ ಮೇಲೆ ಅಂಗಾತ ತಿರುಗಿದಳು. ಕೆಂಪು ಗೆರೆ ಇಳಿಯುತ್ತ ಹೋಯಿತು, ನೀಲಿ ಏರುತ್ತ ಬಂತು. ಹತ್ತು ಎಣಿಸಿದಳು, ಹನ್ನೆರಡು ಎಣಿಸಿದಳು. ಗಾಳಿ ಒಂದು ಗಳಿಗೆ ತಗ್ಗಿದ್ದೇ ಕೈ ಬೀಸಿದಳು. ಮೂವತ್ತು, ನಲವತ್ತು, ಅರವತ್ತು. ಕೆಂಪು ಒಂದು ಕೂದಲೆಳೆಯಷ್ಟು ಉಳಿದಾಗ ಹೆಂಗಸಿನ ಕಾಲು ಕಲ್ಲಿಗೆ ತಾಗಿತು. ಅವಳು ಎದ್ದು ನಿಂತಳು, ಮೈಯಿಂದ ನೀರು ಸುರಿಯುತ್ತಿತ್ತು.

"ತಾಂಡೂರು!" ಎಂದು ಜಗದೇವಿ ಕೂಗಿದಳು. "ಎಲ್ಲಾರೂ ಇಳೀರಿ!"

ಅನಿಕೇತ ನಾರಾಯಣಖೇಡದಲ್ಲಿ ಸೀಟಿ ಹೊಡೆದ. ಸೌಮ್ಯಶ್ರೀ ಅವ್ವನ ಕೊರಳಿಗೆ ಬಿದ್ದು, ಪ್ಲಾಸ್ಟರಿನ ಕಾಲಿಗೆ ತಾಗಿಸಿ ಬೈಸಿಕೊಂಡಳು.

"ಅಪ್ಪಾ," ಎಂದ ಬಸವಕಿರಣ. "ಅಂಗಾತ ಬಿದ್ರ ದಮ್ ತುಂಬತದ ಅಂತ ನಿನಗ ಹ್ಯಾಂಗ ಗೊತ್ತಿತ್ತು? ನೀ ಆಟ ನೋಡಿದ್ದೇ ಇವತ್ತು."

ಶಾಂತಪ್ಪ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಜಗದೇವಿ, "ಇರ್ಲಿ ಬಿಡೋ ಅಣ್ಣಾ," ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಫೋನಿನ ಕಡೆ ಬಗ್ಗಿ, ಕಿವುಡರಿಗೆ ಹೇಳುವಂತೆ ಜೋರಾಗಿ ಹೇಳಿದ:

"ಕಿರಣಾ, ನಿಮ್ಮತ್ತಿ ಹಿನ್ನೀರಾಗ ಬಿದ್ದಿದ್ದಿಲ್ಲ. ಜಾಲಿಗಿಡದ ಮ್ಯಾಲ ಸಿಕ್ಕೊಂಡಾಂವ ನಾ. ಅಕಿ ಬುರುಡಿ ಕಟಗೊಂಡು ಬಂದು ನನ್ನ ದಡಕ್ಕ ತಂದಳು. ಹನ್ನೆರಡು ವರ್ಷದ ಹುಡುಗಿ. ನೀರಾಗ ನನಗ ಹಿಂಗೇ ಹೇಳಿದ್ಲು, ಮೋಡ ನೋಡು ಅಂತ. ನನಗ ಅಂಜಿಕಿ, ಆಮ್ಯಾಲ ನಾಚಿಕಿ. ಅಪ್ಪ ಸುಳ್ಳು ಹೇಳಿದ, ನಾ ಸುಮ್ನ ಕುಂತೆ. ಭಾಳ ವರ್ಷ ಸುಮ್ನ ಕುಂತೆ."

ಸೌಮ್ಯಶ್ರೀ ಅವ್ವನ ಮುಖ ನೋಡಿದಳು, ಮೊದಲ ಸಲ ನೋಡುತ್ತಿರುವ ಹಾಗೆ. ಜಗದೇವಿಗೆ ಕಣ್ಣು ತುಂಬಿ ಬಂದಿತ್ತು, ಆದರೆ ತಲೆ ತಗ್ಗಿಸಲಿಲ್ಲ. ತಗ್ಗಿಸುವಂಥದ್ದು ಏನಿತ್ತು? ಅಣ್ಣನ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕಿದಳು, ಸಿಗಲಿಲ್ಲ. ಮೈತುಂಬ ಹೆಮ್ಮೆ, ತನ್ನ ಮೇಲೂ, ಐವತ್ತರಲ್ಲಿ ಮಗನೆದುರು ಬಾಯಿಬಿಟ್ಟ ಆ ಮನುಷ್ಯನ ಮೇಲೂ.

"ಖರೇನಾ ಅತ್ತಿ?" ಎಂದಿತು ತಾಂಡೂರಿನ ದನಿ, ಸಣ್ಣಗೆ.

"ಖರೆ," ಎಂದಳು. "ಎಮ್ಮಿ ಮಾತ್ರ ತಾನೇ ಈಸಿ ಬಂತು. ನಿಮ್ಮಪ್ಪಗಿಂತ ಅದು ಶಾಣ್ಯಾ."

ಶಾಂತಪ್ಪ ಕಣ್ಣೊರಸಿಕೊಂಡು ನಕ್ಕ. ಫೋನಿನಲ್ಲಿ ಬಸವಕಿರಣ ಏನನ್ನೋ ಒತ್ತುವ ಟಕಟಕ ಸದ್ದು ಕೇಳಿತು. "ಅವ್ವಾ, ಇಲ್ಲಿ ನೋಡು," ಎಂದು ಸೌಮ್ಯಶ್ರೀ ನಕಾಶೆ ತೆರೆದು ಹಿಡಿದಳು. ಸಮುದ್ರದ ನಡುವೆ ಆ ಕೆಂಪು ಬಾವುಟ ಇನ್ನೂ ಇತ್ತು. ಅದರ ಕೆಳಗಿನ ಅಕ್ಷರಗಳು ಒಂದೊಂದಾಗಿ ಸರಿದು ನಡುವೆ ಜಾಗ ಮಾಡಿಕೊಟ್ಟವು. ಜಗದೇವಿ ಬೋರ್ಡು ಓದುವ ಕಂಡಕ್ಟರಿನ ದನಿಯಲ್ಲಿ, ಅಣ್ಣನಿಗೂ ಕೇಳಲಿ ಎಂದು, ಗಟ್ಟಿಯಾಗಿ ಓದಿದಳು:

"ಅತ್ತಿ ಈಸುಬಿದ್ದ ಜಾಗ."